ಕಪಾಟಿನ ಕದ

ಕನ್ನಡಿಗರು ದಿನವೂ ಆಡುವ ‘ಕಪಾಟು’ ಎಂಬ ಮಾತಿಗೆ ಸ್ವಾರಸ್ಯವಾದ ಹಿನ್ನೆಲೆಯೊಂದುಂಟು. ಸಂಸ್ಕೃತದಲ್ಲಿ ‘ಕಪಾಟ’ ಅಥವಾ ‘ಕವಾಟ’ ಎಂದರೆ ಬಾಗಿಲಿನ ಕದ. ಮರದ ಪೆಟ್ಟಿಗೆಗೆ ಕದ ಕೂಡಿಸಿ ನಿಲ್ಲಿಸಿದಾಗ ಆ ಕದದ ಹೆಸರೇ ಇಡೀ ಪೆಟ್ಟಿಗೆಗೆ ಅಂಟಿಕೊಂಡಿತು. ಅದರ ಜೊತೆಗಾರನಾದ ‘ಅಲಮಾರು’ ಬಂದುದು ಪೋರ್ಚುಗೀಸರಿಂದ. ಅದರ ಲ್ಯಾಟಿನ್ ಮೂಲಕ್ಕೆ ಆಯುಧಗಳನ್ನೂ ಸಲಕರಣೆಗಳನ್ನೂ ಇಡುವ ಸ್ಥಳವೆಂದು ಅರ್ಥ. ಅಲಮಾರಿಗೆ ಹೆಸರು ಕೊಟ್ಟದ್ದು ಒಳಗಿನ ಸಾಮಾನು. ಕಪಾಟಿಗೆ ಹೆಸರು ಕೊಟ್ಟದ್ದು ಹೊರಗಿನ ಕದ. ಹೀಗಿರುವಾಗ ಅಡುಗೆಮನೆಗೆ ಕಪಾಟು ಮಾಡಿಸಹೊರಟವರು ಉಳಿದೆಲ್ಲವನ್ನೂ ಬಿಟ್ಟು ಕದದ ವಿಷಯದಲ್ಲಿಯೇ ತಿಂಗಳುಗಟ್ಟಲೆ ತರ್ಕ ಮಾಡುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಆದರೆ ಆ ತರ್ಕವೆಲ್ಲ ಸಾಮಾನ್ಯವಾಗಿ ಬಣ್ಣ, ಹೊಳಪು, ಹಿಡಿಕೆಗಳ ಸುತ್ತಲೇ ತಿರುಗುತ್ತದೆ. ಬೆಂಗಳೂರು ಮೈಸೂರುಗಳ ಹಿತವಾದ ಹವೆಯಲ್ಲಿ ಇಷ್ಟರಿಂದ ಹೆಚ್ಚಿನ ನಷ್ಟವಾಗಲಾರದು. ಕದ ಕಣ್ಣಿಗೆ ಒಪ್ಪಿದರೆ ಮನಸ್ಸಿಗೂ ಒಪ್ಪುತ್ತದೆ; ಹತ್ತು ವರ್ಷ ಹೇಗೋ ನಡೆದುಹೋಗುತ್ತದೆ. ಕದದ ಗುಣವನ್ನು ನಿಜವಾಗಿ ಅರಿಯಬೇಕಾದರೆ ಮಳೆಯ ನಾಡಿಗೆ ಹೋಗಬೇಕು. ಮೂಡಿಗೆರೆ ತಾಲ್ಲೂಕಿನಲ್ಲಿ, ಚಾರ್ಮಾಡಿ ಘಾಟಿಯ ನೆತ್ತಿಯ ಮೇಲೆ ಕುಳಿತ ಕೊಟ್ಟಿಗೆಹಾರ ಅಂಥ ಊರು. ಅಲ್ಲಿ ನಾಲ್ಕು ಮಳೆಗಾಲ ಕೆಡದೆ ನಿಂತ ಕದ ಕನ್ನಡ ನಾಡಿನ ಯಾವ ಊರಿನಲ್ಲಾದರೂ ನಿಂತೀತು.

ಧರ್ಮಸ್ಥಳದ ಯಾತ್ರಿಕರಿಗೆ ಕೊಟ್ಟಿಗೆಹಾರ ಅಪರಿಚಿತವಲ್ಲ. ಘಾಟಿ ಇಳಿಯುವ ಮುನ್ನ ಅಲ್ಲಿ ವಾಹನ ನಿಲ್ಲಿಸಿ, ಬಿಸಿ ನೀರುದೋಸೆ ತಿಂದು, ಮಂಜನ್ನು ನೋಡಿ ಮುಂದೆ ಹೋಗುವುದು ಅನೇಕರ ವಾಡಿಕೆ. ಅರ್ಧ ಗಂಟೆ ನಿಲ್ಲುವವರಿಗೆ ಆ ಮಂಜು ಬಲು ಸೊಗಸು. ಅಲ್ಲಿಯೇ ಸಂಸಾರ ಹೂಡಿದವರಿಗೆ ಅದರ ಇನ್ನೊಂದು ಮುಖವೂ ಗೊತ್ತು. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರಿನವರೆಗೆ ಬಿಟ್ಟೂ ಬಿಡದಂತೆ ಸುರಿಯುತ್ತದೆ. ಆಗ ಗಾಳಿಯ ತೇವಾಂಶ ದಿನಗಟ್ಟಲೆ ಶೇಕಡಾ 90ರಿಂದ ಕೆಳಗಿಳಿಯುವುದಿಲ್ಲ. ಒಗೆದ ಬಟ್ಟೆ ಒಣಗದು, ಉಪ್ಪು ನೀರಾಗುವುದು, ಬೆಂಕಿಕಡ್ಡಿ ಹೊತ್ತದು, ಪುಸ್ತಕದ ರಟ್ಟಿನ ಮೇಲೆ, ಚಪ್ಪಲಿಯ ಮೇಲೆ, ಕೊನೆಗೆ ಕಪಾಟಿನ ಕದದ ಒಳಮೈಯ ಮೇಲೆ ಬಿಳಿಯ ಬೂಷ್ಟು ಏಳುವುದು.

ವಿಚಿತ್ರವೆಂದರೆ ಅಲ್ಲಿನ ಮನೆಗಳಿಗೆ ಕದವನ್ನು ಆರಿಸುವ ಕಾಲ ಮಳೆಗಾಲವಲ್ಲ. ಕೊಯ್ಲು ಮುಗಿದು, ಕಾಫಿ ಮಾರಿದ ಹಣ ಕೈಗೆ ಬಂದು, ಗೃಹಪ್ರವೇಶಕ್ಕೆ ವೈಶಾಖದ ಮುಹೂರ್ತ ಗೊತ್ತಾದ ಮೇಲೆ, ಬಿರುಬಿಸಿಲಿನ ದಿನಗಳಲ್ಲಿ ಸಂಸಾರ ಸಮೇತರಾಗಿ ಚಿಕ್ಕಮಗಳೂರಿಗೋ ಹಾಸನಕ್ಕೋ ಮಂಗಳೂರಿಗೋ ಹೋಗಿ ಅಂಗಡಿಯ ಹವಾನಿಯಂತ್ರಿತ ಕೊಠಡಿಯಲ್ಲಿ ಕದಗಳನ್ನು ನೋಡುತ್ತಾರೆ. ಅಲ್ಲಿ ಎಲ್ಲ ಕದಗಳೂ ಸಲೀಸಾಗಿ ತೆರೆಯುತ್ತವೆ, ಸದ್ದಿಲ್ಲದೆ ಮುಚ್ಚುತ್ತವೆ. ವಧುಪರೀಕ್ಷೆಯ ದಿನ ಎಲ್ಲರೂ ನಗುಮುಖದವರೇ. ಕದದ ಸ್ವಭಾವ ತಿಳಿಯುವುದು ಆಷಾಢದಲ್ಲಿ. ಆ ವೇಳೆಗೆ ಹಣ ಸಂದಾಯವಾಗಿರುತ್ತದೆ.

ಈ ಸೀಮೆಯ ಹಿರಿಯರು ಏನು ಮಾಡುತ್ತಿದ್ದರು ಎಂದು ಕೇಳಿದರೆ ಉತ್ತರ ಸರಳವಾಗಿದೆ: ಅವರ ಅಡುಗೆಮನೆಯಲ್ಲಿ ಕದಗಳೇ ಕಡಿಮೆ. ಗೋಡೆಯಲ್ಲಿ ಗೂಡು, ಗೋಡೆಯ ಮೇಲ್ಭಾಗದಲ್ಲಿ ಉದ್ದಕ್ಕೂ ನಾಗಂದಿಗೆ, ಮಾಡಿನಿಂದ ಇಳಿಬಿಟ್ಟ ನೆಲುವು, ಒಲೆಯ ನೇರಕ್ಕೆ ಅಟ್ಟ. ನಸುಕಿನಿಂದ ರಾತ್ರಿಯವರೆಗೆ ಸೌದೆಯ ಒಲೆ ಆರುತ್ತಿರಲಿಲ್ಲ. ಅದರ ಕಾವು ಗೋಡೆಯನ್ನು ಬೆಚ್ಚಗಿಡುತ್ತಿತ್ತು. ಹೊಗೆ ಅಟ್ಟದ ಮೇಲಿನ ಸಾಮಾನುಗಳನ್ನು ಹುಳುಹುಪ್ಪಟೆಗಳಿಂದ ಕಾಯುತ್ತಿತ್ತು. ತೇವದ ಗಾಳಿ ಹೆಂಚಿನ ಸಂದುಗಳಿಂದ ಹೊರಗೆ ಹೋಗುತ್ತಿತ್ತು. ಆ ಹೊಗೆಯಿಂದ ಹೆಂಗಸರ ಕಣ್ಣು, ಎದೆಗಳಿಗೆ ಆದ ಹಾನಿಯನ್ನು ಮರೆತು ಹಳೆಯದನ್ನು ಹೊಗಳುವುದು ಸಲ್ಲದು. ಆದರೆ ಆ ಒಲೆ ಅಡುಗೆಯ ಜೊತೆಗೆ ಕೋಣೆಯನ್ನು ಒಣಗಿಸುವ ಕೆಲಸವನ್ನೂ ಮಾಡುತ್ತಿತ್ತು ಎಂಬುದು ನಿಜ.

ಈಗಿನ ಅನಿಲದ ಒಲೆ ಬೇರೆ ಸ್ವಭಾವದ್ದು. ಅಡುಗೆ ಅನಿಲ ಉರಿದಾಗ ಅದರಲ್ಲಿನ ಜಲಜನಕ ಗಾಳಿಯ ಆಮ್ಲಜನಕದೊಡನೆ ಕೂಡಿ ನೀರಿನ ಆವಿಯಾಗುತ್ತದೆ. ಒಂದು ಕಿಲೋಗ್ರಾಂ ಅನಿಲದಿಂದ ಸುಮಾರು 1.6 ಕಿಲೋಗ್ರಾಂ ನೀರು ಹುಟ್ಟುತ್ತದೆ. ಮನೆಗೆ ಬರುವ 14.2 ಕಿಲೋಗ್ರಾಂ ಸಿಲಿಂಡರು ಖಾಲಿಯಾಗುವ ಹೊತ್ತಿಗೆ ಅಡುಗೆಮನೆಯ ಗಾಳಿಗೆ ಹತ್ತಿರ ಹತ್ತಿರ 22 ಲೀಟರು ನೀರು ಆವಿಯಾಗಿ ಸೇರಿರುತ್ತದೆ. ಅನ್ನ, ಸಾರು ಕುದಿಯುವ ಆವಿ ಇದರ ಮೇಲೆ. ಸೌದೆಯೂ ಉರಿದಾಗ ಆವಿಯನ್ನು ಕೊಡುತ್ತಿದ್ದುದು ನಿಜವೇ; ಆದರೆ ಅದು ಹೆಂಚಿನ ಮಾಡಿನ ಮೂಲಕ ಹೊರಗೆ ಹೋಗುತ್ತಿತ್ತು. ಈಗ ತಲೆಯ ಮೇಲೆ ಕಾಂಕ್ರೀಟಿನ ತಾರಸಿ, ಮಳೆಗೆ ಮುಚ್ಚಿದ ಕಿಟಕಿ. ಹೋಗಲು ದಾರಿ ಕಾಣದ ಆವಿ ತಣ್ಣನೆಯ ಗೋಡೆಯನ್ನೂ ಅದಕ್ಕೆ ಒರಗಿದ ಕಪಾಟನ್ನೂ ಆಶ್ರಯಿಸುತ್ತದೆ. ಕದವಿಲ್ಲದ ಗೂಡಿನ ಕಾಲದಲ್ಲಿ ಇಲ್ಲದಿದ್ದ ಸಮಸ್ಯೆ ಹೀಗೆ ಕದದೊಡನೆ ಒಳಗೆ ಬಂದಿದೆ.

ಮರಕ್ಕೂ ತೇವಕ್ಕೂ ಇರುವ ಸಂಬಂಧವನ್ನು ಕಾಫಿ ಬೆಳೆಯುವವರಿಗೆ ವಿಸ್ತರಿಸಿ ಹೇಳಬೇಕಾಗಿಲ್ಲ. ಕಣದಲ್ಲಿ ಹರಡಿದ ಕಾಫಿಯನ್ನು ತೇವ ಶೇಕಡಾ 10–11ರ ಆಸುಪಾಸಿಗೆ ಇಳಿಯುವವರೆಗೆ ಒಣಗಿಸಿ, ಮಾಪಕದಲ್ಲಿ ಅಳೆದು, ಆಮೇಲೆಯೇ ಚೀಲ ತುಂಬುವ ಬೆಳೆಗಾರ, ತನ್ನ ಮನೆಯ ಕದಕ್ಕೆ ತಂದ ಹಲಗೆಯಲ್ಲಿ ಎಷ್ಟು ತೇವವಿದೆ ಎಂದು ಮಾತ್ರ ಕೇಳುವುದಿಲ್ಲ. ಮರವೂ ಕಾಫಿಯಂತೆಯೇ ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ. ಗಾಳಿಯ ತೇವಾಂಶ ಶೇಕಡಾ 50 ಇರುವಲ್ಲಿ ಬಹುಕಾಲ ಇದ್ದ ಮರದೊಳಗಿನ ತೇವ ಸುಮಾರು ಶೇಕಡಾ 9ಕ್ಕೆ ನಿಲ್ಲುತ್ತದೆ. ಗಾಳಿ ಶೇಕಡಾ 80ಕ್ಕೆ ಏರಿದರೆ ಮರ 16ಕ್ಕೂ, ಗಾಳಿ 90ಕ್ಕೆ ಏರಿದರೆ ಮರ 20ಕ್ಕೂ ಏರಲು ಹವಣಿಸುತ್ತದೆ. ಬಣ್ಣ, ವಾರ್ನಿಷುಗಳು ಈ ಏರಿಳಿತವನ್ನು ನಿಧಾನಗೊಳಿಸುವುವೇ ಹೊರತು ನಿಲ್ಲಿಸಲಾರವು.

ತೇವ ಹೀರಿದ ಮರ ಉಬ್ಬುತ್ತದೆ. ಆದರೆ ಎಲ್ಲ ದಿಕ್ಕಿಗೂ ಸಮನಾಗಿ ಅಲ್ಲ. ಎಳೆಯ ಉದ್ದಕ್ಕೆ ಅದು ಕೂದಲೆಳೆಯಷ್ಟೂ ಬೆಳೆಯದು. ಎಳೆಗೆ ಅಡ್ಡಲಾಗಿ, ಎಂದರೆ ಹಲಗೆಯ ಅಗಲಕ್ಕೆ, ಅದರ ಹಿಗ್ಗು ಕಣ್ಣಿಗೆ ಕಾಣುವಷ್ಟಿರುತ್ತದೆ. ಮರಗಳಲ್ಲೆಲ್ಲ ಬಹಳ ಸ್ಥಿರವೆಂದು ಹೆಸರಾದ ತೇಗವನ್ನೇ ತೆಗೆದುಕೊಳ್ಳಬಹುದು. 450 ಮಿಲಿಮೀಟರ್ ಅಗಲದ ತೇಗದ ಹಲಗೆಯ ತೇವ ಶೇಕಡಾ 9ರಿಂದ 17ಕ್ಕೆ ಏರಿದರೆ, ದಿಮ್ಮಿಯನ್ನು ಸೀಳಿದ ರೀತಿಯನ್ನು ಅನುಸರಿಸಿ, ಅದರ ಅಗಲ 3ರಿಂದ 7 ಮಿಲಿಮೀಟರಿನಷ್ಟು ಹೆಚ್ಚುತ್ತದೆ. ಜೋಡಿ ಕದಗಳ ನಡುವೆ ಬಡಗಿ ಬಿಡುವ ಸಂದು ಎರಡೋ ಮೂರೋ ಮಿಲಿಮೀಟರು. ವೈಶಾಖದಲ್ಲಿ ಅಂದವಾಗಿ ಕೂತಿದ್ದ ಕದಗಳು ಆಷಾಢದಲ್ಲಿ ಒಂದನ್ನೊಂದು ನೂಕುತ್ತ ತೆರೆಯಲೊಲ್ಲದೆ ಹಟ ಹಿಡಿಯುವುದಕ್ಕೆ ಇದೇ ಕಾರಣ. ಅದಕ್ಕಾಗಿ ಬಡಗಿಯನ್ನು ಬೈಯುವುದು ವಾಡಿಕೆ; ಪಾಪ, ಅವನು ಮರದ ಸ್ವಭಾವಕ್ಕೆ ಹೊಣೆಯಲ್ಲ. ಆ ಸ್ವಭಾವವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ವಿನ್ಯಾಸಕ್ಕೆ ಯಾರಾದರೂ ಹೊಣೆಯಾಗಬೇಕು.

ಮರದ ಈ ಹಟವನ್ನು ಪಳಗಿಸಿದ ವಿನ್ಯಾಸವೊಂದು ಬಹು ಹಿಂದಿನಿಂದಲೂ ಇದೆ. ಅದೇ ಚೌಕಟ್ಟು–ಹಲಗೆಯ ಕದ. ಎರಡು ನಿಲುವು ಪಟ್ಟಿ, ಎರಡು ಅಡ್ಡ ಪಟ್ಟಿಗಳನ್ನು ಒಂದರ ತುದಿಯನ್ನು ಇನ್ನೊಂದರ ತೂತಿಗೆ ಸೇರಿಸಿ ಬಿಗಿಯಾದ ಚೌಕಟ್ಟು ಮಾಡುತ್ತಾರೆ. ಚೌಕಟ್ಟಿನ ಒಳಅಂಚಿನಲ್ಲಿ ಸುತ್ತಲೂ ತೋಡು ಕೊರೆದು, ನಡುವಣ ಹಲಗೆಯನ್ನು ಅದರಲ್ಲಿ ಸಡಿಲವಾಗಿ ಕೂರಿಸುತ್ತಾರೆ. ಹಲಗೆಗೆ ಅಂಟು ಹಾಕುವುದಿಲ್ಲ, ಮೊಳೆ ಹೊಡೆಯುವುದಿಲ್ಲ. ಮಳೆ ಬಂದಾಗ ಹಲಗೆ ತೋಡಿನೊಳಗೇ ಹಿಗ್ಗುತ್ತದೆ, ಬೇಸಗೆಯಲ್ಲಿ ಅಲ್ಲಿಯೇ ಕುಗ್ಗುತ್ತದೆ. ಹೊರಗಿನ ಅಳತೆ ನಿರ್ಧಾರವಾಗುವುದು ಕಿರಿದಾದ ಪಟ್ಟಿಗಳಿಂದ. ಅವುಗಳ ಹಿಗ್ಗು ಅತ್ಯಲ್ಪ. ಮಲೆನಾಡಿನ ಹಳೆಯ ಮನೆಗಳ ಮುಂಬಾಗಿಲಿನಲ್ಲಿ ಕಾಣುವ ಚೌಕ ಚೌಕದ ಅಲಂಕಾರ ಹುಟ್ಟಿದ್ದು ಈ ಅಗತ್ಯದಿಂದ. ಮಳೆಗೆ ಹೆದರಿ ಮಾಡಿದ ಉಪಾಯ ಕಾಲಾಂತರದಲ್ಲಿ ಚೆಲುವೆನಿಸಿಕೊಂಡಿತು.

ಅಂಗಡಿಗಳಲ್ಲಿ ಈಗ ಬಹಳವಾಗಿ ಖರ್ಚಾಗುವ ‘ಶೇಕರ್’ ಮಾದರಿಯ ಕದವೂ ಇದೇ ವಂಶದ್ದು. 1774ರಲ್ಲಿ ಇಂಗ್ಲೆಂಡಿನಿಂದ ಅಮೆರಿಕಕ್ಕೆ ವಲಸೆ ಹೋದ ಒಂದು ಸಣ್ಣ ಕ್ರೈಸ್ತ ಪಂಥದವರನ್ನು ಶೇಕರರೆಂದು ಕರೆಯುತ್ತಿದ್ದರು. ಆಡಂಬರವನ್ನು ದೋಷವೆಂದೂ ಕೆಲಸದ ಅಚ್ಚುಕಟ್ಟನ್ನು ಭಕ್ತಿಯೆಂದೂ ಬಗೆದವರು ಅವರು. ಅವರ ಕಪಾಟಿನ ಕದಗಳಲ್ಲಿ ಕೆತ್ತನೆಯಿಲ್ಲ, ಬಳ್ಳಿಯಿಲ್ಲ, ಹೂವಿಲ್ಲ. ಚೌಕಟ್ಟು, ಹಲಗೆ, ಒಂದು ಮರದ ಗುಂಡಿ, ಅಷ್ಟೆ. ಆ ಹೆಸರು ಘಾಟಿಯ ನೆತ್ತಿಯವರೆಗೆ ಬಂದಿದೆ. ಆದರೆ ಹೆಸರಿನೊಡನೆ ಗುಣವೂ ಬಂದಿದೆಯೇ ಎಂಬುದನ್ನು ನೋಡಿ ಕೊಳ್ಳಬೇಕು. ಅನೇಕ ಅಂಗಡಿಗಳ ಶೇಕರ್ ಕದ ಒಂದೇ ತುಂಡಿನ ಎಂ.ಡಿ.ಎಫ್. ಹಲಗೆ, ಯಂತ್ರದಿಂದ ನಡುಭಾಗವನ್ನು ತಗ್ಗಾಗಿ ಕೆತ್ತಿ, ಚೌಕಟ್ಟಿನ ಆಭಾಸ ತಂದು, ಮೇಲೆ ಪ್ಲಾಸ್ಟಿಕಿನ ಪೊರೆಯನ್ನೋ ಬಣ್ಣವನ್ನೋ ಹೊದಿಸಿರುತ್ತಾರೆ. ಮರದ ನಾರನ್ನು ಅಂಟಿನೊಡನೆ ಒತ್ತಿ ಮಾಡಿದ ಈ ಹಲಗೆ ಒಣ ಊರಿನಲ್ಲಿ ಸಪಾಟಾಗಿ, ನಯವಾಗಿ ನಿಲ್ಲುತ್ತದೆ. ಅಂಚಿನಲ್ಲಿ ಸಣ್ಣ ಗಾಯವಾಗಿ ನೀರು ಒಳಹೊಕ್ಕಿತೆಂದರೆ ಮಾತ್ರ ನೆನೆದ ರೊಟ್ಟಿಯಂತೆ ಉಬ್ಬುತ್ತದೆ. ಮರ ಉಬ್ಬಿದರೆ ಒಣಗಿದ ಮೇಲೆ ಬಹುಮಟ್ಟಿಗೆ ಹಿಂದಿನ ಸ್ಥಿತಿಗೆ ಬರುತ್ತದೆ, ಇದು ಬರುವುದಿಲ್ಲ.

ಓದುಗರು ಇಂಥ ಊರಿನ ಒಂದು ಸಂಸಾರವನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ಯಜಮಾನ ಶಾಲೆಯ ಮಾಸ್ತರು. ಮೂರು ಎಕರೆ ತೋಟವೂ ಉಂಟು. ಹಲವು ಬೆಳೆಗಳ ಉಳಿತಾಯ ಕೂಡಿ ಅಡುಗೆಮನೆಗೆ ಕಪಾಟು ಮಾಡಿಸುವ ಕಾಲ ಬಂದಿದೆ. ಒಮ್ಮೆ ಖರ್ಚಾದ ಆ ಹಣ ಮತ್ತೆ ಕೂಡುವುದಕ್ಕೆ ಇನ್ನೂ ಹಲವು ಬೆಳೆ ಬೇಕು. ಮಂಗಳೂರಿನ ಅಂಗಡಿಯೊಂದರಲ್ಲಿ ಕಂಡ ಹೊಳೆಯುವ ಬಿಳಿಯ ಕದದ ಮೇಲೆ ಮಾಸ್ತರ ಮನಸ್ಸು ನಿಂತಿದೆ.

“ಕನ್ನಡಿಯ ಹಾಗೆ ಹೊಳೆಯುತ್ತದೆ. ಒಂದು ಸಲ ಒರಸಿದರೆ ಆಯಿತು” ಎನ್ನುತ್ತಾರೆ ಅವರು.

“ಒರಸುವವರು ಯಾರು ಅಂತ ಅಂಗಡಿಯವರು ಹೇಳಿದರೇನ್ರೀ?” ಎಂದು ಅವರ ಮಡದಿಯ ಮರುಪ್ರಶ್ನೆ.

ಜಗಲಿಯಲ್ಲಿ ಕುಳಿತ ಹಿರಿಯಾಕೆಗೆ ಕದದ ಮಾತೇ ಬೇಡ. “ನನ್ನ ಕಾಲದಲ್ಲಿ ನಾಗಂದಿಗೆಗೆ ಯಾರು ಕದ ಇಡಿಸಿದ್ದರು? ಸಾಮಾನು ಕಣ್ಣಿಗೆ ಕಾಣುವ ಹಾಗಿದ್ದರೆ ಚೆನ್ನ.”

“ಅತ್ತೆ, ಆಗ ಒಲೆಯ ಬಿಸಿ ಇತ್ತು. ಈಗ ಕದ ಇಲ್ಲದಿದ್ದರೆ ಇಲಿ, ಜಿರಲೆ. ಕದ ಇದ್ದರೆ ಬೂಷ್ಟು. ಎರಡರಲ್ಲಿ ಯಾವುದಕ್ಕೆ ಹೆದರಲಿ ಹೇಳಿ” ಎನ್ನುತ್ತಾಳೆ ಸೊಸೆ.

ಅಳತೆ ತೆಗೆದುಕೊಳ್ಳಲು ಬಂದ ಆಚಾರಿ ಮೂವರ ಮಾತನ್ನೂ ಕೇಳಿ ಪಟ್ಟಿಯನ್ನು ಮಡಿಸಿ ಇಡುತ್ತಾನೆ. “ಅಮ್ಮ, ಎಲ್ಲ ಗೂಡಿಗೂ ಒಂದೇ ಕದ ಯಾಕೆ? ಯಾವುದನ್ನು ದಿನಕ್ಕೆ ಎಷ್ಟು ಸಲ ತೆಗೆಯುತ್ತೀರಿ, ಅದರ ಹಿಂದೆ ಇರೋದು ನೀರೋ ಬೆಂಕಿಯೋ ಕಾಳೋ, ಅದನ್ನು ಹೇಳಿ. ಕದ ಯಾವುದು ಅಂತ ಆಮೇಲೆ ನಾನು ಹೇಳ್ತೀನಿ.”

ಮಾಸ್ತರು ಸುಮ್ಮನಾಗುತ್ತಾರೆ. ಆ ಪ್ರಶ್ನೆಗೆ ಉತ್ತರ ಅವರಲ್ಲಿಲ್ಲ, ಅವರ ಮಡದಿಯಲ್ಲಿದೆ. ಹಣ ಯಾರ ಕೈಯಿಂದ ಹೋದರೂ, ದಿನಕ್ಕೆ ನೂರು ಸಲ ಕದ ತೆರೆಯುವ ಕೈ ಆಕೆಯದು. ಇಂಥ ಪ್ರಶ್ನೆಯನ್ನು ಕೇಳದೆ ಅಂಗಡಿಯಲ್ಲಿ ಮಾದರಿ ಆರಿಸಿ ಬಂದ ಮನೆಗಳಲ್ಲಿ ಆ ಕೈ ಇಪ್ಪತ್ತು ವರ್ಷ ಕದದೊಡನೆ ಗುದ್ದಾಡಬೇಕಾಗುತ್ತದೆ.

ಆಚಾರಿಯ ವಿಂಗಡಣೆಯನ್ನೇ ಹಿಡಿದು ನೋಡಿದರೆ ಆಯ್ಕೆ ಸುಲಭವಾಗುತ್ತದೆ. ಮೊದಲನೆಯದು ನೀರಿನ ಸ್ಥಳ, ಎಂದರೆ ಪಾತ್ರೆ ತೊಳೆಯುವ ತೊಟ್ಟಿಯ ಕೆಳಗಿನ ಗೂಡು. ಕೊಳವೆಗಳು ಬೆವರುವುದೂ ಜಿನುಗುವುದೂ ಅಲ್ಲಿ ತಪ್ಪದು. ಅದಕ್ಕೆ ಓರೆ ಪಟ್ಟಿಗಳ ಕದ ಅಥವಾ ಜಾಲರಿಯ ಕದ ಒಳ್ಳೆಯದು; ಗಾಳಿ ಆಡುತ್ತಿದ್ದರೆ ಬೂಷ್ಟಿಗೆ ಅವಕಾಶ ಕಡಿಮೆ. ಓರೆ ಪಟ್ಟಿಗಳ ನಡುವೆ ಧೂಳು ಕೂರುವುದೆಂಬ ಆಕ್ಷೇಪ ನಿಜವೇ. ಆದ್ದರಿಂದ ಆ ಬಗೆಯನ್ನು ಒಂದೆರಡು ಕದಗಳಿಗೆ ಮಾತ್ರ ಇಟ್ಟುಕೊಳ್ಳುವುದು ಜಾಣತನ. ಅಲ್ಲಿಗೆ ಅಲ್ಯೂಮಿನಿಯಂ ಚೌಕಟ್ಟಿನ ಕದವೂ ಪಿ.ವಿ.ಸಿ. ಹಲಗೆಯ ಕದವೂ ಆಗುತ್ತದೆ. ಅವಕ್ಕೆ ಗೆದ್ದಲಿನ ಭಯವಿಲ್ಲ, ನೀರಿನ ಭಯವಿಲ್ಲ.

ಎರಡನೆಯದು ಬೆಂಕಿಯ ಸ್ಥಳ. ಒಲೆಯ ಎಡಬಲಗಳಲ್ಲಿ ಪಿ.ವಿ.ಸಿ. ಸಲ್ಲದು, ಬಿಸಿಗೆ ಅದು ಮೆತ್ತಗಾಗಿ ಬಾಗುತ್ತದೆ. ಪ್ಲಾಸ್ಟಿಕಿನ ಪೊರೆ ಹೊದಿಸಿದ ಕದವೂ ಅಲ್ಲಿ ಬೇಗ ಸುಲಿಯುತ್ತದೆ. ಒಗ್ಗರಣೆಯ ಎಣ್ಣೆ ಸಿಡಿಯುವ ಈ ಜಾಗದಲ್ಲಿ ಕೆತ್ತನೆಯ ಕದವನ್ನು ಇಡುವವರು ಪ್ರತಿ ಹಬ್ಬಕ್ಕೂ ಕಡ್ಡಿಗೆ ಬಟ್ಟೆ ಸುತ್ತಿಕೊಂಡು ಸಂದುಗಳನ್ನು ಕೆರೆಯಬೇಕಾಗುತ್ತದೆ. ಇಲ್ಲಿಗೆ ಏನೂ ತಗ್ಗುಉಬ್ಬಿಲ್ಲದ ಸಪಾಟು ಕದ ಉತ್ತಮ: ಒಳ್ಳೆಯ ಪ್ಲೈವುಡ್, ಅದರ ಮೇಲೆ ಲ್ಯಾಮಿನೇಟ್. ಪ್ಲೈವುಡ್ಡಿನಲ್ಲಿ ತೆಳುವಾದ ಮರದ ಪದರಗಳನ್ನು ಒಂದರ ಎಳೆಗೆ ಇನ್ನೊಂದರ ಎಳೆ ಅಡ್ಡವಾಗುವಂತೆ ಅಂಟಿಸಿರುತ್ತಾರೆ. ಒಂದು ಪದರ ಹಿಗ್ಗಲು ಹೊರಟರೆ ಪಕ್ಕದ್ದು ಅದನ್ನು ಹಿಡಿದು ನಿಲ್ಲಿಸುತ್ತದೆ. ಆದರೆ ಪದರಗಳನ್ನು ಕೂಡಿಸಿದ ಅಂಟು ನೀರನ್ನು ತಡೆಯಬೇಕು. ಮೆರೈನ್ ಪ್ಲೈವುಡ್ಡಿಗೆ ಭಾರತೀಯ ಮಾನಕ 710 ಎಂಬ ಸಂಖ್ಯೆಯಿದೆ; ಸಾಧಾರಣ ಬಳಕೆಯ ಪ್ಲೈವುಡ್ಡಿನದು 303. ಹಲಗೆಯ ಮೇಲೆ ಐ.ಎಸ್.ಐ. ಗುರುತಿನೊಡನೆ ಈ ಸಂಖ್ಯೆಯನ್ನು ಓದಿ ಕೊಳ್ಳುವುದಕ್ಕೆ ಯಾವ ಸಂಕೋಚವೂ ಬೇಡ. ನಾಲ್ಕು ಅಂಚುಗಳಿಗೂ ಪಟ್ಟಿ ಅಂಟಿಸಿ ಮುಚ್ಚಿಸಬೇಕು. ಕದಕ್ಕೆ ನೀರು ನುಗ್ಗುವುದು ಮುಖದಿಂದಲ್ಲ, ಅಂಚಿನಿಂದ.

ಮೂರನೆಯದು ಕಾಳುಕಡಿಯ ಸ್ಥಳ. ಇಲ್ಲಿ ಕದದ ಕೆಲಸ ಇಲಿಯನ್ನು ತಡೆಯುವುದು. ತೇವವನ್ನು ತಡೆಯುವ ಕೆಲಸ ಬಿಗಿ ಮುಚ್ಚಳದ ಡಬ್ಬಿಯದು. ಈ ಎರಡನ್ನೂ ಕದದ ಮೇಲೆಯೇ ಹೊರಿಸಿದರೆ ಅದು ಎರಡರಲ್ಲಿಯೂ ಸೋಲುತ್ತದೆ. ಹಾಲು ಮೊಸರಿಗೆ ಹಿಂದೆ ಇದ್ದ ಜಾಲರಿಯ ಬೀರುವನ್ನು ಹಿರಿಯರು ಮರೆತಿರಲಾರರು. ಅದರ ನಾಲ್ಕು ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ನಿಲ್ಲಿಸಿ ಇರುವೆಯನ್ನು ದೂರವಿಡುತ್ತಿದ್ದರು. ಶೀತಕಪಾಟು ಬಂದ ಮೇಲೆ ಅದು ಅಟ್ಟ ಸೇರಿತು. ಆದರೆ ಈರುಳ್ಳಿ, ಆಲೂಗಡ್ಡೆ, ಬೆಳ್ಳುಳ್ಳಿ, ತೆಂಗಿನಕಾಯಿಗಳಿಗೆ ತುಕ್ಕು ಹಿಡಿಯದ ಉಕ್ಕಿನ ಜಾಲರಿಯ ಕದದಷ್ಟು ಹಿತವಾದದ್ದು ಇಂದಿಗೂ ಬೇರೊಂದಿಲ್ಲ. ಗಾಜಿನ ಕದಕ್ಕೂ ಇಲ್ಲೊಂದು ಸ್ಥಾನವುಂಟು. ಗಾಜು ಉಬ್ಬುವುದಿಲ್ಲ, ಮೇಲಾಗಿ ಒಳಗೆ ಬೂಷ್ಟು ಏಳತೊಡಗಿದರೆ ಅದು ಮೊದಲ ದಿನವೇ ಕಣ್ಣಿಗೆ ಬೀಳುತ್ತದೆ. ಸಾಮಾನು ಕಾಣುವಂತಿರಬೇಕೆಂಬ ಹಿರಿಯಾಕೆಯ ಮಾತಿನಲ್ಲಿಯೂ ಅರ್ಥವಿತ್ತು.

ಉಳಿದ ಕದಗಳಿಗೆ, ಎಂದರೆ ಮೇಲಿನ ಸಾಲಿಗೂ ಊಟದ ಮನೆಯ ಕಡೆ ಕಾಣುವ ಭಾಗಕ್ಕೂ, ನಿಜವಾದ ಚೌಕಟ್ಟು–ಹಲಗೆಯ ಕದವನ್ನು ಮಾಡಿಸಬಹುದು. ಅಂದಕ್ಕೆ ಎಡೆ ಇರುವುದು ಅಲ್ಲಿ.

ಕದವನ್ನು ಹೀಗೆ ಕೆಲಸದಿಂದ ಆರಿಸುವ ಪದ್ಧತಿ ಹೊಸತೇನೂ ಅಲ್ಲ. ಮಾರ್ಗರೇಟೆ ಶ್ಯೂಟೆ-ಲಿಹೋಟ್ಸ್ಕಿ ಎಂಬ ಆಸ್ಟ್ರಿಯಾದ ಮಹಿಳೆ 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಹೊಸ ವಸತಿಗಳಿಗಾಗಿ ಒಂದು ಅಡುಗೆಮನೆಯನ್ನು ರೂಪಿಸಿದಳು. ಈಗಿನ ಜೋಡಣೆಯ ಅಡುಗೆಮನೆಗಳಿಗೆಲ್ಲ ಅದು ಮೂಲಮಾತೃಕೆ. ಅಂಥವು ಸುಮಾರು 10,000 ನಿರ್ಮಾಣವಾದುವು. ಅದರಲ್ಲಿ ಹಿಟ್ಟು ಇಡುವ ಸೆಳೆಖಾನೆಗಳನ್ನು ಓಕ್ ಮರದಿಂದ ಮಾಡಿಸಿದ್ದಳು. ಆ ಮರದ ಒಗರಿಗೆ ಹುಳು ಹತ್ತಿರ ಬಾರದೆಂಬುದು ಕಾರಣ. ಕಪಾಟುಗಳಿಗೆ ನೀಲಿ ಬಣ್ಣ. ನೀಲಿಯ ಮೇಲೆ ನೊಣ ಕೂರದೆಂದು ಆಗ ನಂಬಿದ್ದರು. ನಂಬಿಕೆ ಸರಿಯೋ ತಪ್ಪೋ, ಬಣ್ಣವನ್ನು ಆರಿಸುವಾಗಲೂ ಆಕೆಯ ಕಣ್ಣು ಅಡುಗೆಮನೆಯ ಶತ್ರುವಿನ ಮೇಲಿತ್ತು. ಕೊಟ್ಟಿಗೆಹಾರದಲ್ಲಿ ಆ ಶತ್ರು ತೇವ. ಲೆಕ್ಕ ಅದರಿಂದಲೇ ಆರಂಭವಾಗಬೇಕು.

ಮರದ ವಿಷಯದಲ್ಲಿ ಎರಡು ಮಾತು ಹೇಳಬೇಕಾಗಿದೆ. ತೇಗ ಉತ್ತಮವೆಂಬುದು ಸರ್ವವಿದಿತ. ಮಲೆನಾಡಿನವರಿಗೆ ಹತ್ತಿರದ ನಂಟ ಹಲಸು. ಕೊಯ್ದಾಗ ಹಳದಿಯಾಗಿದ್ದು ವರ್ಷಗಳು ಕಳೆದಂತೆ ಕಂದು ಬಣ್ಣಕ್ಕೆ ತಿರುಗಿ ಮನೆಗೆ ಹಿರಿತನದ ಕಳೆ ತರುತ್ತದೆ. ಚೇಗು, ಎಂದರೆ ದಿಮ್ಮಿಯ ಗಟ್ಟಿ ತಿರುಳನ್ನು ಮಾತ್ರ ಬಳಸಬೇಕು. ಸುತ್ತಲಿನ ಬಿಳಿಯ ಮರಕ್ಕೆ ಹುಳು ಬೀಳುವುದು ಖಂಡಿತ. ಕಾಫಿತೋಟದ ನೆರಳಿಗೂ ಮೆಣಸಿನ ಬಳ್ಳಿಗೂ ಆಸರೆಯಾದ ಸಿಲ್ವರ್ ಓಕ್ ಮನೆಯಲ್ಲಿಯೇ ಇರುವುದರಿಂದ ಅದನ್ನೇ ಕುಯ್ಯಿಸುವ ಆಸೆ ಹಲವರಿಗಿದೆ. ಚೆನ್ನಾಗಿ ಒಣಗಿಸಿ, ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ಸಂಸ್ಕರಿಸಿದರೆ ಒಳಾಂಗಣದ ಕೆಲಸಕ್ಕೆ ಅದು ಬರುತ್ತದೆ. ಹಸಿಯಾಗಿ ಬಳಸಿದರೆ ತಿರುಚಿಕೊಳ್ಳುತ್ತದೆ. ತೇಗ, ಬೀಟೆಗಳನ್ನು ಕಡಿಸಲು ಅರಣ್ಯ ಇಲಾಖೆಯ ಅನುಮತಿ ಬೇಕೆಂಬುದನ್ನು ಮರೆಯುವಂತಿಲ್ಲ. ಮರವನ್ನು ಒಣಗಿಸುವುದು, ಸಂಸ್ಕರಿಸುವುದು ಇವನ್ನೆಲ್ಲ ಅಭ್ಯಾಸ ಮಾಡುವುದಕ್ಕೆಂದೇ ಬೆಂಗಳೂರಿನ ಮಲ್ಲೇಶ್ವರದಲ್ಲಿ ಒಂದು ಸಂಸ್ಥೆಯಿದೆ. 1938ರಲ್ಲಿ ಅರಣ್ಯ ಸಂಶೋಧನಾಲಯವಾಗಿ ಆರಂಭವಾದ ಅದು ಈಗ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಎನಿಸಿಕೊಂಡಿದೆ. ಮರದ ಆಯ್ಕೆ ಶಾಸ್ತ್ರವೇ ಆಗಿರುವಾಗ ಅದನ್ನು ಗಡಿಬಿಡಿಯಲ್ಲಿ ಮುಗಿಸುವುದು ತರವಲ್ಲ.

ಕೊನೆಯದಾಗಿ ದುರಸ್ತಿಯ ಮಾತು. 2019ರ ಆಗಸ್ಟಿನ ಮಹಾಮಳೆಯಲ್ಲಿ ಚಾರ್ಮಾಡಿ ಘಾಟಿಯ ಗುಡ್ಡಗಳು ಕುಸಿದು ರಸ್ತೆ ಮುಚ್ಚಿಹೋದುದನ್ನು ಆ ಕಡೆಯವರು ಮರೆತಿಲ್ಲ. ದಾರಿಯೇ ಇಲ್ಲದ ದಿನಗಳಲ್ಲಿ ಮಂಗಳೂರಿನ ಅಂಗಡಿಯ ಕೀಲಾಗಲಿ ಬದಲಿ ಕದವಾಗಲಿ ಮೇಲೆ ಬರುವ ಬಗೆ ಹೇಗೆ? ದಾರಿ ತೆರೆದಿರುವಾಗಲೂ, ಒಂದು ಕದಕ್ಕಾಗಿ ದೂರದ ಕೆಲಸಗಾರ ಘಾಟಿ ಹತ್ತಿ ಬರುವುದು ಅಪರೂಪ. ಮರದ ಕದ ಬಿಗಿಯಾದರೆ ಊರಿನ ಆಚಾರಿ ಹತ್ತರಿ ಹಿಡಿದು ಒಂದೆಳೆ ಕೆರೆದು ಸರಿಮಾಡುತ್ತಾನೆ. ಪ್ಲೈವುಡ್ಡಿನ ಕದದ ಅಂಚು ಬಿಟ್ಟರೆ ಮತ್ತೆ ಅಂಟಿಸುತ್ತಾನೆ. ಉಬ್ಬಿದ ಎಂ.ಡಿ.ಎಫ್. ಕದಕ್ಕೆ ಅವನಲ್ಲಿ ಮದ್ದಿಲ್ಲ. ಕೊಳ್ಳುವ ಬೆಲೆಯನ್ನು ಹೋಲಿಸುವವರು ದುರಸ್ತಿಯ ಈ ಬೆಲೆಯನ್ನೂ ಪಕ್ಕದಲ್ಲಿ ಬರೆದುಕೊಳ್ಳಬೇಕು.

ಕದ ಯಾವುದೇ ಆಗಲಿ, ಕೆಲವು ಎಚ್ಚರಗಳು ಎಲ್ಲಕ್ಕೂ ಸಮಾನ. ಕೊಯ್ದ ಹಲಗೆಯನ್ನು ನಡುವೆ ಕಡ್ಡಿಗಳನ್ನಿಟ್ಟು ಗಾಳಿಯಾಡುವಂತೆ ಒಟ್ಟಿ, ಒಂದು ಪೂರ್ಣ ಬೇಸಗೆಯಾದರೂ ನೆರಳಿನಲ್ಲಿ ಒಣಗಿಸಬೇಕು. ಮರದ ತೇವವನ್ನು ಅಳೆಯುವ ಸಣ್ಣ ಮಾಪಕಗಳೂ ದೊರೆಯುತ್ತವೆ. ಬೇಸಗೆಯಲ್ಲಿ ಕೂರಿಸುವ ಮರದ ಕದಕ್ಕೆ ಮಳೆಗಾಲದ ಹಿಗ್ಗನ್ನು ನೆನೆದು ಸಂದು ಬಿಡಬೇಕು. ಬಣ್ಣವನ್ನೋ ವಾರ್ನಿಷನ್ನೋ ಮುಂಭಾಗಕ್ಕೆ ಮೂರು ಸಲ ಬಳಿದು ಹಿಂಭಾಗವನ್ನು ಹಾಗೆಯೇ ಬಿಡುವುದು ದೊಡ್ಡ ಪ್ರಮಾದ. ಒಂದು ಮೈ ತೇವ ಹೀರಿ ಇನ್ನೊಂದು ಹೀರದಿದ್ದರೆ ಕದ ಬಿಲ್ಲಿನಂತೆ ಬಾಗುತ್ತದೆ. ಎರಡು ಮುಖಕ್ಕೂ ನಾಲ್ಕು ಅಂಚಿಗೂ ಒಂದೇ ಸಮನಾದ ಲೇಪವಿರಬೇಕು. ಕೀಲು, ಮೊಳೆ, ತಿರುಪುಗಳು ತುಕ್ಕು ಹಿಡಿಯದ ಉಕ್ಕಿನವಾಗಿರಲಿ. ಕಪಾಟಿನ ಬೆನ್ನು ಗೋಡೆಗೆ ತಾಗದಂತೆ ಎರಡು ಬೆರಳಿನಷ್ಟು ಎಡೆ, ನೆಲದಿಂದ ಮೇಲೆ ಒಂದು ಗೇಣಿನಷ್ಟು ಕಾಲು ಇದ್ದರೆ ಗಾಳಿ ಸುಳಿದಾಡುತ್ತದೆ. ಅಡುಗೆಯಾಗುವಾಗ ಮಳೆ ಇದ್ದರೂ ಆವಿ ಹೊರಗೆ ಹೋಗಲು ಗಾಳಿಪಂಖವನ್ನು ನಡೆಸಬೇಕು. ಮಳೆ ಬಿಟ್ಟು ಬಿಸಿಲು ಇಣುಕಿದ ಘಳಿಗೆಯಲ್ಲಿ ಎಲ್ಲ ಕದಗಳನ್ನೂ ತೆರೆದಿಡಬೇಕು.

ಒಳ್ಳೆಯ ಕದಕ್ಕೆ ಮೂರು ಲಕ್ಷಣ ಹೇಳಿದರೆ ಸಾಕು: ಆಷಾಢದಲ್ಲಿ ತೆರೆಯಬೇಕು, ಚೈತ್ರದಲ್ಲಿ ಸಂದಿಲ್ಲದೆ ಮುಚ್ಚಬೇಕು, ಕೆಟ್ಟರೆ ಊರಿನ ಕೈಯಲ್ಲಿಯೇ ಸರಿಹೋಗಬೇಕು. ಈ ಮೂರೂ ಒದಗಿದ ಮೇಲೆ ಬಣ್ಣ ಬಿಳಿಯೋ ಹಸುರೋ, ಹಿಡಿಕೆ ಹಿತ್ತಾಳೆಯದೋ ಮರದ್ದೋ ಎಂದು ಮನೆಮಂದಿ ಎಷ್ಟು ಬೇಕಾದರೂ ವಾದಿಸಬಹುದು. ಅಂಥ ವಾದದಲ್ಲಿ ಯಾರು ಗೆದ್ದರೂ ಮಳೆಗಾಲದಲ್ಲಿ ಸೋಲುವವರು ಇರುವುದಿಲ್ಲ.